ವಲಾಂಡಿ ಡಬ್ಬಿಯ ಯೋಗಕ್ಷೇಮ

ಯಂತ್ರಗಳ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟಿಗೆ ಬೇಕಾದ ಶಕ್ತಿಯೇ ಈಗ ಉಳಿದಿಲ್ಲ. ಉದಗೀರಿನ ಒಂದು ಶಿಕ್ಷಣ ಸಂಸ್ಥೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ನೌಕರಿ. ಜಳಕೋಟ, ಮುರುಮ, ವಲಾಂಡಿ, ಹೀಗೆ ನಮ್ಮ ಶಾಲೆ ಇರುವಲ್ಲೆಲ್ಲ ಇಂಟರ್ನೆಟ್ ಹಂಚುವ ಒಂದೊಂದು ಡಬ್ಬಿ ಇದೆ. ವೆಬ್ ಪುಟ ತರಲು ಒಂದು ಪ್ರೋಟೊಕಾಲ್ (ಯಂತ್ರಗಳು ತಮ್ಮಲ್ಲೇ ಮಾತಾಡುವ ಕಟ್ಟುಪಾಡು), ಮೇಲ್ ಒಯ್ಯಲು ಇನ್ನೊಂದು ಇರುವಂತೆ, ಇಂಥ ಡಬ್ಬಿಗಳ ಯೋಗಕ್ಷೇಮ ವಿಚಾರಿಸಲೆಂದೇ ಎಸ್‌ಎನ್‌ಎಂಪಿ ಎಂಬುದೊಂದಿದೆ. ಆಫೀಸಿನ ಕಂಪ್ಯೂಟರು ಗಳಿಗೆಗೊಮ್ಮೆ ‘ಹೇಗಿದ್ದೀ?’ ಎಂದು ಕೇಳುತ್ತದೆ; ಡಬ್ಬಿ ಉತ್ತರ ಕೊಡದಿದ್ದರೆ ನನಗೆ ಮೇಲ್ ಬರುತ್ತದೆ. ವಲಾಂಡಿಯದು ದಿನಾ ಮಧ್ಯಾಹ್ನ, ನಾನು ರೊಟ್ಟಿ ಮುರಿಯುವ ಹೊತ್ತಿಗೇ ಸಾಯುತ್ತಿತ್ತು. ಸ್ವಲ್ಪ ಹೊತ್ತಿಗೆ ತಾನೇ ಬದುಕುತ್ತಿತ್ತು. ವೈರು ಬದಲಿಸಿದೆ, ಕೊನೆಗೆ ಡಬ್ಬಿಯನ್ನೇ ಬದಲಿಸಿದೆ. ಹೊಸದೂ ಅದೇ ಚಾಳಿ ಕಲಿಯಿತು.

ಮೊನ್ನೆ ನಿಲಂಗಾದಲ್ಲಿ ನನ್ನ ಹೆಂಡತಿಯ ತಮ್ಮನ ನಿಶ್ಚಿತಾರ್ಥ. ಇಬ್ಬರೂ ಸಿಂಗರಿಸಿಕೊಂಡು ಬಸ್‌ಸ್ಟ್ಯಾಂಡಿನಲ್ಲಿದ್ದಾಗ ಮೇಲ್ ಬಂತು. ಹಿಂದೆಯೇ ವಲಾಂಡಿಯ ಮುಖ್ಯೋಪಾಧ್ಯಾಯರ ಫೋನು: “ಪರೀಕ್ಷಾ ಫಾರ್ಮ್ ತುಂಬಾಕ ಇವತ್ತೇ ಕಡೀ ದಿನ ಅದರೀ! ಪೇಜ್ ತಗೀವಲ್ದು, ಪೋರಗೋಳು ಅಳಾಕತ್ಯಾವ. ಡಬ್ಬಿ ಇರೋ ಖೋಲಿಗಿ ಕೀಲಿ ಹಾಕ್ಯದ, ಕ್ಲರ್ಕ್ ಮಾಳಪ್ಪ ಮನಿಗಿ ಹೋಗ್ಯಾನ!”

ಹೆಂಡತಿ ನನ್ನ ಮುಖ ನೋಡಿದಳು. “ನೀವು ಆ ಡಬ್ಬಿಗೇ ಕುಂಕುಮ ಹಚ್ಚಿ ಸಂಸಾರ ಮಾಡ್ರಿ. ನಾ ಹೊಂಟೆ,” ಎಂದು ನಿಲಂಗಾ ಬಸ್ ಹತ್ತಿದಳು.

ನಾನು ವಲಾಂಡಿ ಮುಟ್ಟಿದಾಗ ಮಾಳಪ್ಪ ಆಗತಾನೇ ಬಂದು ಖೋಲಿ ತೆರೆಯುತ್ತಿದ್ದ. ಡಬ್ಬಿಯ ಸ್ವಿಚ್ ಆರಿತ್ತು.

“ಇದನ್ನ ಯಾರು ಬಂದ್ ಮಾಡಿದ್ರು?”

“ನಾನೇರೀ ಸರ್,” ಎಂದ, ಸ್ವಲ್ಪ ಹೆಮ್ಮೆಯಿಂದಲೇ. “ಮುಟ್ಟಿದ್ರ ಕೈ ಸುಡ್ತದ. ಬಿಸಲಾಗ ನಾವು ಕುರೀನೂ ನೆರಳಿಗಿ ಹೊಡೀತೀವಿ. ಇದಕ್ಕ ಒಂದ್ ತಾಸು ಆರಾಮ ಬ್ಯಾಡೇನ್ರೀ? ಇವತ್ತ ಭಾಳ ದುಡಿದಿತ್ತು, ಅದಕ್ಕ ಇನ್ನೊಂದೀಟು ಬಿಟ್ಟೆ.”

ಬಸ್ಸಿನಲ್ಲಿ ಬೈಗುಳಗಳನ್ನು ಜೋಡಿಸಿಕೊಂಡೇ ಬಂದಿದ್ದೆ. ಎಲ್ಲವೂ ದಂಡವಾದವು. ಸ್ವಿಚ್ ಹಾಕಿ, ಪುಟ ತೆರೆದುಕೊಳ್ಳುವುದನ್ನು ನೋಡಿ, ಕೊನೆಯ ಹುಡುಗಿಯ ಫಾರ್ಮ್ ಹೋಗುವವರೆಗೂ ಅಲ್ಲೇ ಕೂತೆ. ಇನ್ನು ಮುಂದೆ ಅದನ್ನು ಮುಟ್ಟಬೇಡವೆಂದು ಮಾಳಪ್ಪನನ್ನು ಬೇಡಿಕೊಂಡೆ. ಅವನು ನನ್ನನ್ನು ನಿರ್ದಯಿ ಎಂಬಂತೆ ನೋಡಿ ಒಪ್ಪಿದ.

ನಿಲಂಗಾ ತಲುಪಿದಾಗ ಎಲ್ಲ ಮುಗಿದು ಜಮಖಾನೆ ಸುತ್ತುತ್ತಿದ್ದರು. ಬಾರದೆ ಇದ್ದುದಕ್ಕೆ ಏನು ನೆಪ ಹೇಳುವುದೆಂದು ತಡವರಿಸುತ್ತ ಅತ್ತೆಯವರ ಮುಂದೆ ನಿಂತೆ. ಅವರು ತಟ್ಟೆ ಇಟ್ಟು, “ಅಯ್ಯ, ಊಟಾನೇ ಮಾಡಿಲ್ಲೇನ್ರೀ ಅಳಿಯಂದ್ರ? ಆಗಿಂದ ಇಲ್ಲೇ ಓಡಾಡ್ಲಕತ್ತೀರಿ!” ಎಂದರು.

ನಾನು ಬಂದಿರಲಿಲ್ಲವೆಂಬುದು ಹೆಂಡತಿಯ ಹೊರತು ಆ ಮನೆಯಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ.

“ಹೌದ್ರೀ, ಭಾಳ ಕೆಲಸ ಇತ್ತಲ್ಲ,” ಎಂದು ಕೂತೆ. ಹೆಂಡತಿ ತುಟಿ ಕಚ್ಚಿ ನಗು ತಡೆದು, ತಣ್ಣಗಾದ ಹೋಳಿಗೆಯೊಂದನ್ನು ನನ್ನ ತಟ್ಟೆಗೆ ಹಾಕಿದಳು.