ಕೆಂಪು ನೂಲಿನ ಗುರುತು

ಗುರುವಾರ ಬೆಳಿಗ್ಗೆ ಎಂಟೂವರೆಗೆ ಯಮುನಾಳ ರೆಕ್ಸಿನ್ ಬ್ಯಾಗಿನ ಹಿಡಿ ಕಿತ್ತುಬಂತು. ಅದೊಂದು ಆಗದಿದ್ದರೆ ಆ ದಿನ ಬೇರೇನೂ ಆಗುತ್ತಿರಲಿಲ್ಲ.

ಯಮುನಾ ತಿಪಟೂರಿನ ಒಂದು ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ಅತಿಥಿ ಉಪನ್ಯಾಸಕಿ. ಗ್ಯಾಸ್ ಆರಿಸಿದೆನೇ ಎಂದು ಮೂರು ಸಲ, ಬೀಗ ಹಾಕಿದೆನೇ ಎಂದು ನಾಲ್ಕು ಸಲ ನೋಡುವ ಹೆಂಗಸು. ಆಡುವ ಮಾತನ್ನೂ ಬೀಗದ ಹಾಗೆಯೇ ಒಮ್ಮೆ ಎಳೆದು ನೋಡಿ ಹೊರಗೆ ಬಿಡುತ್ತಿದ್ದಳು.

ಅಂದು ಹನ್ನೊಂದಕ್ಕೆ ಅವಳದೇ ಉಪನ್ಯಾಸ: 'ಯುರೋಪಿನ ದುಬಾರಿ ಬ್ರ್ಯಾಂಡುಗಳು ಹುಟ್ಟಿದ್ದು ಹೇಗೆ?' ಹನ್ನೆರಡಕ್ಕೆ ಅಂಗಳದಲ್ಲಿ ಮಹಿಳೆಯರ ಮಾರಾಟ ಮಳಿಗೆಗಳು. ಅದರಲ್ಲೊಂದು ಮಳಿಗೆಗೆ ಕಂದಿಕೆರೆಯಿಂದ ಅವಳ ತಾಯಿ ಭೀಮಕ್ಕ ಇಪ್ಪತ್ತು ಕಂಬಳಿ ಬ್ಯಾಗು ಹೊತ್ತು ಬರುವವಳಿದ್ದಳು. ಗಂಡ ತೀರಿಕೊಂಡ ಮೇಲೆ ಮಗ್ಗದ ಗುಂಡಿಗೆ ಭೀಮಕ್ಕನೇ ಇಳಿದು ಕಂಬಳಿ ನೇಯುತ್ತಿದ್ದಳು. ಈಗ ಕಂಬಳಿ ಕೇಳುವವರೇ ಇಲ್ಲವೆಂದು ಅದರಲ್ಲೇ ಬ್ಯಾಗು ಹೊಲಿದಿದ್ದಳು. "ಈ ಬ್ಯಾಗೂ ಹೋಗ್ನಿಲ್ಲ ಅಂದ್ರೆ ಗುಂಡಿಗೆ ಮಣ್ಣು ಎಳ್ದುಬುಡ್ತೀನಿ," ಎಂದು ಫೋನಿನಲ್ಲಿ ಹೇಳಿದ್ದಳು. ಪ್ರಾಂಶುಪಾಲರನ್ನು ಹತ್ತು ಸಲ ಕಾಡಿ ಆ ಮಳಿಗೆ ಕೊಡಿಸಿದವಳು ಯಮುನಾ.

ಹಿಡಿ ಕಿತ್ತ ಬ್ಯಾಗನ್ನು ಮೂಲೆಗೆ ಎಸೆದು ಅವಳು ಬೀರುವಿನಿಂದ ಕಂಬಳಿ ಬ್ಯಾಗನ್ನು ತೆಗೆದಳು. ಅಮ್ಮ ಕೈ ಪಳಗಲೆಂದು ಹೊಲಿದ ಮೊಟ್ಟಮೊದಲ ಬ್ಯಾಗು ಅದು. ಕಪ್ಪು ಉಣ್ಣೆ, ಬಿಳಿ ಅಂಚು, ಒಂದು ಪಕ್ಕದ ಹೊಲಿಗೆ ಸಡಿಲ. ಮೂಲೆಯಲ್ಲಿ ಒಂದೆಳೆ ಕೆಂಪು ನೂಲು. ಸಂತೆಯಲ್ಲಿ ನೂರು ಕಂಬಳಿ ಕಲೆತರೂ ತಮ್ಮ ಮನೆಯದು ಯಾವುದೆಂದು ಗೊತ್ತಾಗಲು ಅಪ್ಪನ ಕಾಲದಿಂದ ಹಾಕುತ್ತಿದ್ದ ಗುರುತು.

ಗೇಟಿನ ಬಳಿ ಮನೆಯ ಒಡತಿ ದ್ರಾಕ್ಷಾಯಣಮ್ಮ ನಿಂತಿದ್ದರು. ಮಳಿಗೆಗಳ ರಿಬ್ಬನ್ ಕತ್ತರಿಸುವವರು ಅವರೇ. ಪ್ಯಾರಿಸ್ ಪ್ರವಾಸದಿಂದ ತಂದ ಬ್ಯಾಗು ಅವರ ಮೊಣಕೈಯಲ್ಲಿ ಆಗತಾನೆ ನೀರು ಹಾಕಿಸಿಕೊಂಡ ಕೂಸಿನಂತೆ ಮಲಗಿತ್ತು. ಯಮುನಾ ಅವರ ಮಹಡಿಗೆ ಬಾಡಿಗೆಗೆ ಬಂದು ಎರಡೇ ತಿಂಗಳು. ಭೀಮಕ್ಕನನ್ನು ಅವರು ನೋಡಿರಲಿಲ್ಲ.

"ಏನ್ರೀ ಮೇಡಂ, ಕಂಬಳಿ ಹರಿದು ಬ್ಯಾಗ್ ಮಾಡ್ಕೊಂಡ್ರಾ? ಕುರಿ ವಾಸನೆ ಕಣ್ರೀ. ಇವತ್ತು ನಾಲ್ಕು ಜನ ಬರೋ ದಿನ."

'ಇದು ನಮ್ಮಮ್ಮ ಮಾಡಿದ್ದು' ಎಂಬ ಮಾತು ಯಮುನಾಳ ನಾಲಗೆಯ ತುದಿಯವರೆಗೂ ಬಂತು. ಅಷ್ಟರಲ್ಲಿ ಮಧ್ಯಾಹ್ನ ಅಮ್ಮನ ಎದುರು ಇದೇ ಮೂಗು ಹೀಗೇ ಮುರಿಯುವುದು ಕಣ್ಣಿಗೆ ಕಟ್ಟಿತು. ಅವಳ ಕಿವಿ ಬಿಸಿಯಾಯಿತು.

"ಇದು ನಿಮ್ಮ ಪ್ಯಾರಿಸ್ ಬ್ಯಾಗಿಗಿಂತ ಹಳೇ ಮನೆತನದ್ದು ಕಣ್ರೀ. ಕುರಿ ಕಾಯೋರ ಮನೆ. ಮಳೆಗೆ ಹಿಡಿದ್ರೂ ನೀರು ಇಳಿಯಲ್ಲ. ಅಂಗಡೀಲಿ ಸಿಗಲ್ಲ."

"ಯುರೋಪಿಂದಾ?"

"ಹೌದು," ಎಂದಳು ಯಮುನಾ.

ಎಳೆದು ನೋಡದೆ ಅವಳು ಹೊರಗೆ ಬಿಟ್ಟ ಮೊದಲ ಮಾತು ಅದು.

ದ್ರಾಕ್ಷಾಯಣಮ್ಮ ಒಳಗೆ ಹೋಗಿ ಗಂಡನನ್ನೇ ಕರೆತಂದರು. ರೇಣುಕಪ್ರಸಾದ್ ಮೂವತ್ತು ವರ್ಷದಿಂದ ಕೊಬ್ಬರಿ ಮಂಡಿ ನಡೆಸುತ್ತಿದ್ದವರು, ಕಾಲೇಜಿನ ಆಡಳಿತ ಮಂಡಳಿಯ ಸದಸ್ಯರೂ ಹೌದು. ಅಂದು ಕೊಬ್ಬರಿ ಹರಾಜಿನ ದಿನವಾದರೂ ಚಪ್ಪಲಿ ಬಿಟ್ಟು ನಿಂತರು. ಬ್ಯಾಗನ್ನು ಕಾಯಿಯಂತೆ ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಳಗಿದ್ದ ಟಿಫನ್ ಡಬ್ಬಿ ಸದ್ದು ಮಾಡಿತು. ತಲೆದೂಗಿದರು. ಬೆರಳಲ್ಲಿ ಬಡಿದರು, ಮೂಸಿದರು. ಕೊನೆಗೆ ಒಂದೆಳೆ ಉಣ್ಣೆ ಕಿತ್ತು ಬೆಂಕಿಕಡ್ಡಿ ಗೀರಿ ಸುಟ್ಟರು. ಕೂದಲು ಸುಟ್ಟ ವಾಸನೆ ಬಂತು.

"ಅಪ್ಪಟ ಮಾಲು," ಎಂದರು. "ಎಂಬತ್ತು ಸಾವಿರಕ್ಕೆ ಒಂದು ರೂಪಾಯಿ ಕಮ್ಮಿ ಇಲ್ಲ. ಈ ಮೂಲೇಲಿ ಕೆಂಪು ನೂಲಿದೆ ನೋಡು, ಇದೇ ಕಂಪನಿ ಗುರುತು."

"ಒಂಟಿ ಜೀವ, ಸಂಬಳ ಇನ್ನೇನು ಮಾಡ್ತಾರೆ ಪಾಪ," ಎಂದರು ದ್ರಾಕ್ಷಾಯಣಮ್ಮ. ಈಗ ಅವರ ಮೂಗು ನೆಟ್ಟಗಿತ್ತು.

ಯಮುನಾ ಕಾಲೇಜು ತಲುಪುವ ಮೊದಲೇ ಸುದ್ದಿ ತಲುಪಿತ್ತು. ಗ್ರಂಥಪಾಲಕಿ ನಿಸರ್ಗ ಬ್ಯಾಗಿನ ಜೊತೆ ಫೋಟೊ ತೆಗೆಸಿಕೊಂಡಳು. ಕೇಳುವ ಮೊದಲು ಸೋಪಿನಲ್ಲಿ ಕೈ ತೊಳೆದು ಬಂದಿದ್ದಳು.

ಉಪನ್ಯಾಸ ಚೆನ್ನಾಗಿಯೇ ಆಯಿತು. ಹದಿಮೂರರ ವಯಸ್ಸಿಗೆ ಮನೆ ಬಿಟ್ಟು, ಪ್ಯಾರಿಸ್ಸಿಗೆ ನಡೆದೇ ಹೋಗಿ, ಪೆಟ್ಟಿಗೆ ಮಾಡುವವನ ಕೈಕೆಳಗೆ ಸೇರಿದ ಲೂಯಿ ವಿಟ್ಟಾನ್ ಬಗ್ಗೆ ಹೇಳಿದಳು. ಹರ್ಮೆಸ್ ಮನೆಯವರು ಮೊದಲು ಮಾಡುತ್ತಿದ್ದುದು ಕುದುರೆಯ ಜೀನು, ಲಗಾಮು ಎಂದಳು. ಗುಚ್ಚಿ ಎಂಬಾತ ಲಂಡನ್ನಿನ ಹೋಟೆಲಿನಲ್ಲಿ ಅವರಿವರ ಪೆಟ್ಟಿಗೆ ಹೊರುತ್ತಲೇ ಒಳ್ಳೆಯ ಪೆಟ್ಟಿಗೆ ಯಾವುದೆಂದು ಕಲಿತ. ಬರ್ಬೆರಿಯ ಮಳೆಕೋಟಿನ ಬಟ್ಟೆಗೆ ಮೂಲ ಪ್ರೇರಣೆ ಇಂಗ್ಲೆಂಡಿನ ಕುರುಬರು ತೊಡುತ್ತಿದ್ದ, ಕುರಿಯ ಜಿಡ್ಡು ಹತ್ತಿದ ಅಂಗಿ ಎಂದು ಹೇಳುತ್ತಾರೆ ಎಂದಳು. "ಎಲ್ಲರೂ ಕೈಕೆಲಸದವರೇ. ಅವರ ಮಕ್ಕಳು ಮೊಮ್ಮಕ್ಕಳು ಅದನ್ನು ಮುಚ್ಚಿಡಲಿಲ್ಲ, ಬೋರ್ಡಿನ ಮೇಲೆ ಬರೆಸಿದರು."

ಇದಾದ ಮೇಲೆ ಒಂದು ವಾಕ್ಯವಿತ್ತು. ಹದಿನೈದು ದಿನದಿಂದ ಬರೆದು ಹೊಡೆದು ಬರೆದದ್ದು: 'ಅಂಥದೇ ಒಂದು ಮನೆ ನನ್ನದು, ನನ್ನ ತಾಯಿ ಅಂಗಳದಲ್ಲಿ ಕೂತಿದ್ದಾರೆ.' ಮೊದಲ ಸಾಲಿನಲ್ಲಿ ಕೂತಿದ್ದ ದ್ರಾಕ್ಷಾಯಣಮ್ಮ ರಿಬ್ಬನ್ ಕತ್ತರಿಸಲು ಆಗಲೇ ಎದ್ದು ಹೋಗಿದ್ದರು. ಅವರಿಲ್ಲದಾಗಲಾದರೂ ಹೇಳಿಬಿಡೋಣ ಎಂದು ಯಮುನಾ ಬಾಯಿ ತೆರೆದಳು. ಬೆಳಗಿನ 'ಹೌದು' ಅಡ್ಡ ಬಂತು. "ವಂದನೆಗಳು," ಎಂದು ಇಳಿದುಬಿಟ್ಟಳು.

ಅಂಗಳದಲ್ಲಿ ಗುಂಪು ಸೇರಿತ್ತು. ನಡುವೆ ಭೀಮಕ್ಕ, ಗೋಣಿತಾಟಿನ ಮೇಲೆ ಇಪ್ಪತ್ತು ಬ್ಯಾಗು ಸಾಲಾಗಿ ಹರಡಿಕೊಂಡು ಕೂತಿದ್ದಳು. ಎದುರು ದ್ರಾಕ್ಷಾಯಣಮ್ಮ, ಕೈಯಲ್ಲಿ ರಿಬ್ಬನ್ನಿನ ಕತ್ತರಿ.

"ನೋಡ್ರೀ, ಅದೇ ಕಪ್ಪು, ಅದೇ ಅಂಚು. ಕೆಂಪು ನೂಲೂ ಬಿಟ್ಟಿಲ್ಲ ಈ ಅಜ್ಜಿ. ಡೂಪ್ಲಿಕೇಟ್ ಮಾಲು ಮಾರೋಕೆ ನಮ್ಮ ಕಾಲೇಜೇ ಬೇಕಿತ್ತಾ? ಗಂಟು ಕಟ್ಟು."

"ಯಾವುದರ ಡೂಪ್ಲಿಕೇಟ್ ಕಣವ್ವ?" ಎಂದಳು ಭೀಮಕ್ಕ.

"ನಮ್ಮ ಮೇಡಂ ಬ್ಯಾಗಿಂದು. ಯುರೋಪಿಂದು, ಎಂಬತ್ತು ಸಾವಿರದ್ದು. ಅಗೋ ಬಂದ್ರಲ್ಲ, ಅವರನ್ನೇ ಕೇಳು."

ಭೀಮಕ್ಕ ಮಗಳ ಮುಖ ನೋಡಿದಳು, ಆಮೇಲೆ ಮಗಳ ಹೆಗಲಿನ ಬ್ಯಾಗು ನೋಡಿದಳು. ಗುಂಪಿನ ಮಧ್ಯೆ ಯಮುನಾ ತಾಯಿಯ ಪಕ್ಕ ಹೋಗಿ ನಿಂತಳು.

"ಇವರು ನಮ್ಮಮ್ಮ," ಎಂದಳು. "ನನ್ನ ಬ್ಯಾಗೂ ಇವರೇ ಹೊಲಿದಿದ್ದು. ಯುರೋಪು ಅಂತ ಬೆಳಿಗ್ಗೆ ನಾನು ಹೇಳಿದ್ದು ಸುಳ್ಳು. ಈ ಕೆಂಪು ನೂಲು ನಮ್ಮ ಮನೆ ಗುರುತು."

ದ್ರಾಕ್ಷಾಯಣಮ್ಮನ ಕಣ್ಣು ತೇವವಾಯಿತು.

"ನೋಡಿದ್ರಾ ಮೇಡಂ ಮನಸ್ಸು? ಬಡವೀನ ಉಳಿಸೋಕೆ ಅಮ್ಮ ಅಂತಿದಾರೆ. ಯಾರು ಹೇಳ್ತಾರೆ ಈ ಕಾಲದಲ್ಲಿ ಹೀಗೆ?"

"ನಿಜವಾಗ್ಲೂ ನಮ್ಮಮ್ಮ ಕಣ್ರೀ."

"ಆಯ್ತು ಬಿಡಿ, ನನಗೂ ತಾಯಿ ಇದ್ದಂಗೇ."

ಮಂಡಿಯಿಂದ ಆಗಷ್ಟೇ ಬಂದ ರೇಣುಕಪ್ರಸಾದ್ ಮುಂದೆ ಬಂದರು. ಭೀಮಕ್ಕನ ಒಂದು ಬ್ಯಾಗಿನಿಂದ ಒಂದೆಳೆ ಕಿತ್ತು ಸುಟ್ಟರು. ಅದೇ ವಾಸನೆ ಬಂತು. ಸ್ವಲ್ಪ ಯೋಚಿಸಿದರು. "ಇದು ಕುರಿ ವಾಸನೆ," ಎಂದರು. "ಬೆಳಿಗ್ಗೆದು ಉಣ್ಣೆ ವಾಸನೆ. ಮೂವತ್ತು ವರ್ಷದಲ್ಲಿ ಮಾಲಿನ ವಿಷಯಕ್ಕೆ ನಾನು ತಪ್ಪಿಲ್ಲ."

ಯಮುನಾ ಸಾಕ್ಷಿಗೆ ಕಂದಿಕೆರೆಯ ವಿಳಾಸವಿದ್ದ ಆಧಾರ್ ಕಾರ್ಡಿಗೆಂದು ಬ್ಯಾಗು ತಡಕುತ್ತಿದ್ದಳು. ಭೀಮಕ್ಕ ಅವಳ ಕೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಎದ್ದು ನಿಂತಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹೂಂ ಕಣ್ರವ್ವ, ಡೂಪ್ಲಿಕೇಟೇ. ಅಮ್ಮಾರ ಬ್ಯಾಗ್ ನೋಡ್ಕೊಂಡೇ ಹೊಲ್ದಿದ್ದು. ಅದಕ್ಕೆ ಎಂಬತ್ತು ಸಾವ್ರ, ಇದಕ್ಕೆ ಮುನ್ನೂರು. ಅದೂ ನೆನೆಯಲ್ಲ, ಇದೂ ನೆನೆಯಲ್ಲ. ಬೇಕಾದೋರು ಮುಟ್ಟಿ ನೋಡಿ." ಮಗಳತ್ತ ತಿರುಗಿದಳು. "ಅಮ್ಮಾರೇ, ನಿಮ್ಮ ಒರಿಜಿನಲ್ ವಸಿ ಈಚೆ ಹಿಡ್ಕಳಿ. ಜನ ತಾಳೆ ನೋಡ್ಲಿ."

ಆ 'ಅಮ್ಮಾರೇ' ಯಮುನಾಳಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಅಂಗಡಿಯ ಗೊಂಬೆಯಂತೆ ಬ್ಯಾಗು ಎತ್ತಿ ಹಿಡಿದು ನಿಂತಳು. ಇಪ್ಪತ್ತೇ ನಿಮಿಷದಲ್ಲಿ ಗೋಣಿತಾಟು ಖಾಲಿಯಾಯಿತು. ಎರಡು ಬ್ಯಾಗು ಕೊಂಡವರು ದ್ರಾಕ್ಷಾಯಣಮ್ಮನೇ.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಯಮುನಾ ಹೇಳಿದಳು: "ನಾಳೆ ಸ್ಟಾಫ್ ರೂಮಲ್ಲಿ ನಿಂತು ಎಲ್ಲರಿಗೂ ಮತ್ತೆ ಹೇಳ್ತೀನಿ ಕಣವ್ವ. ನಂಬೋವರೆಗೂ ಬಿಡಲ್ಲ."

"ಬಾಯಿ ಮುಚ್ಕೊಂಡಿರು," ಎಂದಳು ಭೀಮಕ್ಕ. "ಮುಂದಿನ ಗುರುವಾರಕ್ಕೆ ನಲವತ್ತು ಕೇಳವ್ರೆ. ಕಂದಿಕೆರೆ ಕಂಬಳಿ ಅಂದ್ರೆ ಯಾವಳು ತಗಂತಾಳೆ?" ಬಸ್ಸು ಹತ್ತಿ ಕಿಟಕಿಯಿಂದ ತಲೆ ಹಾಕಿದಳು. "ಯುರೋಪು ಅಂದ್ಯಲ್ಲ, ಅದ್ಯಾವ ತಾಲ್ಲೂಕಲ್ಲಿ ಬತ್ತೈತೆ? ಕೇಳಿದ್ರೆ ಹೇಳಕ್ಕೆ ಬೇಕು."

ಯಮುನಾ ಮನೆ ಸೇರಿದಾಗ ದ್ರಾಕ್ಷಾಯಣಮ್ಮ ಗೇಟಿನಲ್ಲೇ ಕಾದಿದ್ದರು. ಮೊಣಕೈಯಲ್ಲಿ ಈಗ ಮುನ್ನೂರರ ಬ್ಯಾಗು ಮಲಗಿತ್ತು. ಯಮುನಾಳ ಬ್ಯಾಗನ್ನು ಎಳೆದುಕೊಂಡು ಎರಡನ್ನೂ ದೀಪಕ್ಕೆ ಹಿಡಿದರು.

"ಬೇಜಾರು ಮಾಡ್ಕೋಬೇಡಿ ಮೇಡಂ, ಒಂದು ಮಾತು. ನಿಮ್ಮದರ ಹೊಲಿಗೆ ಸಡಿಲ, ಒಂದು ಕಡೆ ವಾಲಿದೆ. ಇದು ನೋಡಿ, ಎಷ್ಟು ಬಿಗಿ. ನಮ್ಮೋರೂ ಮತ್ತೆ ಸುಟ್ಟು ನೋಡಿದ್ರು. ಆ ಯುರೋಪಿನೋರು ಎಂಬತ್ತು ಸಾವಿರ ಕಿತ್ಕೊಂಡು ನಿಮಗೇ ಡೂಪ್ಲಿಕೇಟ್ ತಗುಲಿಸಿದಾರೆ ಕಣ್ರೀ. ಅಜ್ಜೀದೇ ಒರಿಜಿನಲ್, ಅಲ್ವಾ?"

ನಾಳೆ ಹತ್ತು ಗಂಟೆಯೊಳಗೆ ಇಡೀ ಕಾಲೇಜು ಮೋಸಹೋದ ವಾಣಿಜ್ಯದ ಮೇಡಮ್ಮನ್ನು ನೋಡಲು ಸ್ಟಾಫ್ ರೂಮಿಗೆ ಇಣುಕುತ್ತದೆ ಎಂದು ಯಮುನಾಳಿಗೆ ಖಚಿತವಿತ್ತು. ಆದರೂ ಈ ಸಲ ಮಾತನ್ನು ಚೆನ್ನಾಗಿ ಎಳೆದು ನೋಡಿದಳು. ಗಟ್ಟಿಯಾಗಿತ್ತು.

"ಹೌದು," ಎಂದಳು.