ಕಾಕುವಿಗಾಗಿ ಎತ್ತರಿಸಿದ ಗಾಡಿ

ನಡುವಯಸ್ಸು ದಾಟಿದ ಗಂಡಸರಿಗೆ ಏನಾದರೊಂದು ಹುಚ್ಚು ಹಿಡಿಯದೆ ಬಿಡುವುದಿಲ್ಲ. ನಮ್ಮ ಓಣಿಯಲ್ಲೇ ಒಬ್ಬರು ಹಾರ್ಮೋನಿಯಂ ಪೇಟಿ ಕಲಿಯಲು ಕೂತು ನೆರೆಹೊರೆಯವರ ಮಧ್ಯಾಹ್ನದ ನಿದ್ದೆ ಕೆಡಿಸಿದ್ದಾರೆ; ಇನ್ನೊಬ್ಬರು ಮಾಳಿಗೆಯ ಮೇಲೆ ಪಾರಿವಾಳ ಸಾಕಿ, ಅಲ್ಲಿ ಹಪ್ಪಳ ಒಣಹಾಕುವ ಹೆಂಡತಿಯ ಜೊತೆ ಮಾತು ಬಿಟ್ಟಿದ್ದಾರೆ. ನನಗೆ ಹಿಡಿದದ್ದು ಗಾಡಿ ಎತ್ತರಿಸುವ ಹುಚ್ಚು. ಎತ್ತರಿಸುವುದೆಂದರೆ ಜಾಕ್ ಹಚ್ಚಿ ಪಂಕ್ಚರ್ ತೆಗೆಸುವ ಮಾತಲ್ಲ. ಚೆನ್ನಾಗಿಯೇ ಓಡುತ್ತಿದ್ದ ಒಂದು ದೊಡ್ಡ ಪಿಕಪ್ಪಿನ ಚಕ್ರ, ಚಕ್ರದ ಮೇಲಿನ ಕಮಾನು ಪಾಟಾ, ಶಾಕ್‌ಅಬ್ಸಾರ್ಬರು ಎಲ್ಲವನ್ನೂ ಕಿತ್ತು ಹಾಕಿ, ದಪ್ಪನೆಯ ಹೊಸವನ್ನು ಕೂಡಿಸಿ, ಕಲ್ಲು-ಕೆಸರು-ಹಳ್ಳ ಯಾವುದಕ್ಕೂ ಜಗ್ಗದ ಹಾಗೆ ಮಾಡಿಸುವುದು. ಇದೆಲ್ಲ ನಮ್ಮ ಕಾಕುವಿಗಾಗಿ ಮಾಡಿಸಿದ್ದು ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಅದು ಮುಕ್ಕಾಲು ಪಾಲು ಖರೆ.

ಕಾಕು ಎಂದರೆ ನಮ್ಮ ಚಿಕ್ಕಪ್ಪನ ಹೆಂಡತಿ. ಜಮಖಂಡಿಯ ನಮ್ಮ ಹಳೆಯ ಮನೆಯ ಯಜಮಾನಿಕೆ ಈಗ ಅವಳದೇ. ಎಂಬತ್ತರ ಹತ್ತಿರದ ಮೊಣಕಾಲುಗಳು ಅವಳ ಮಾತು ಕೇಳುವುದಿಲ್ಲ, ಉಳಿದ ನಾವೆಲ್ಲರೂ ಕೇಳುತ್ತೇವೆ. ತುಬಚಿಯ ಆಚೆ ನಮಗೊಂದು ಕಪ್ಪು ಮಣ್ಣಿನ ಎರೆಹೊಲವಿದೆ. ಮಲ್ಲಪ್ಪ ಎಂಬವನು ಅದನ್ನು ಲಾವಣಿಗೆ, ಅಂದರೆ ಗೇಣಿಗೆ, ಮಾಡುತ್ತಾನೆ. ವರ್ಷವಿಡೀ ಅತ್ತ ತಲೆ ಹಾಕದ ನಾವು ಎಳ್ಳ ಅಮಾವಾಸ್ಯೆಯ ದಿನ ಮಾತ್ರ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೋಗಿ ಚರಗ ಚೆಲ್ಲುತ್ತೇವೆ. ಸಜ್ಜಿ ರೊಟ್ಟಿ, ಕಡುಬು, ಎಳ್ಳು ಹೋಳಿಗೆ, ಪುಂಡಿ ಪಲ್ಯ ಎಲ್ಲವನ್ನೂ ಕಲಸಿ, ಬೆಳೆದು ನಿಂತ ಪೈರಿನ ಸುತ್ತ ನಡೆಯುತ್ತ ಭೂಮಿತಾಯಿಗೆ ಉಣಿಸುವುದು ಈ ಸೀಮೆಯ ಪದ್ಧತಿ. ಕಾಕಾ ಇರುವ ತನಕ ಅದು ಅವರ ಕೆಲಸವಾಗಿತ್ತು. ಅವರು ಹೋದ ಮೇಲೆ ಕಾಕು ಯಾರನ್ನೂ ಕೇಳದೆ ಬುಟ್ಟಿ ಕೈಗೆತ್ತಿಕೊಂಡಳು.

ಹಿಂದಿನ ವರ್ಷ ಏನಾಯಿತೆಂದರೆ, ದಾರಿಯಲ್ಲಿ ಯಾರದೋ ನೀರಿನ ಪೈಪು ಒಡೆದು ಎರೆಮಣ್ಣೆಲ್ಲ ರಾಡಿಯಾಗಿತ್ತು. ನಮ್ಮ ಪುಟ್ಟ ಕಾರು ಹೊಟ್ಟೆಯ ತನಕ ಹೂತು ಕುಳಿತಿತು. ನಾನು ಕಾಲೇಜಿನಲ್ಲಿ ಭೂಗೋಳ ಕಲಿಸುವವನು. ಕಪ್ಪು ಮಣ್ಣು ತೇವಾಂಶವನ್ನು ಹಿಡಿದಿಡುತ್ತದೆ ಎಂದು ಹುಡುಗರಿಗೆ ಬರೆಸುತ್ತ ಬಂದಿದ್ದೆ. ಕಾರನ್ನೂ ಹಿಡಿದಿಡುತ್ತದೆ ಎಂದು ಪಠ್ಯದಲ್ಲಿರಲಿಲ್ಲ. ಹೊತ್ತು ನೆತ್ತಿಗೆ ಬಂದದ್ದನ್ನು ನೋಡಿ ಕಾಕು ಅಲ್ಲೇ ಪಕ್ಕದ ಹೊಲಕ್ಕೆ ಚರಗ ಚೆಲ್ಲಿ ಮುಗಿಸಿದಳು. ಆ ಹೊಲವಾದರೂ ಯಾರದು? ಒಡ್ಡಿನ ಮಣ್ಣಿಗಾಗಿ ಕಾಕಾನ ಜೊತೆ ಜೀವಮಾನವಿಡೀ ಜಗಳಾಡಿದವನದು. ಮನೆಗೆ ಬಂದ ಮೇಲೆ ಶುರುವಾಯಿತು. "ನಮ್ಮ ಹೋಳಿಗಿ ತಿಂದು ಅವನ ಜ್ವಾಳ ಹೆಂಗ ಎದ್ದದ ನೋಡಿದಿ? ನಮ್ಮ ಹೊಲ ಉಪಾಸ ಬಿತ್ತಲ್ಲೋ ಸುಧ್ಯಾ!" ಬೈದರೆ ತಡೆದುಕೊಳ್ಳಬಹುದಿತ್ತು. ಒಂದು ದಿನ ಮೆಲ್ಲಗೆ, "ಮುಂದಿನ ವರ್ಷ ನಾ ಇರತೀನೋ ಇಲ್ಲೋ" ಎಂದಳು. ಅದು ನನ್ನ ಎದೆಗೆ ನಾಟಿತು. ಏನೇ ಆಗಲಿ, ಮುಂದಿನ ಅಮಾವಾಸ್ಯೆಗೆ ಇವಳನ್ನು ನಮ್ಮದೇ ಹೊಲಕ್ಕೆ ಮುಟ್ಟಿಸಬೇಕು ಎಂದು ನಿಶ್ಚಯಿಸಿದೆ.

ಕಾರು ಹೋಯಿತು, ಹಳೆಯ ಪಿಕಪ್ಪು ಬಂತು. ಅಷ್ಟಕ್ಕೇ ನಿಲ್ಲಬಹುದಾಗಿತ್ತು. ಆದರೆ ಅಷ್ಟರಲ್ಲಿ ನಾನು ಕಂಪ್ಯೂಟರಿನಲ್ಲಿ ಪರದೇಶದ ಪಿಕಪ್ಪುಗಳ ಚಿತ್ರ ನೋಡುವ ಚಟಕ್ಕೆ ಬಿದ್ದಿದ್ದೆ. ಬಂಡೆಯ ಮೇಲೊಂದು ಗಾಲಿ ಇಟ್ಟುಕೊಂಡು ನಿಂತ ಗಾಡಿ, ಪಕ್ಕದಲ್ಲಿ ಕಪ್ಪು ಕನ್ನಡಕದ ಮನುಷ್ಯ. ಆ ಕನ್ನಡಕದವನ ಜಾಗದಲ್ಲಿ ನನ್ನನ್ನು ಇಟ್ಟು ನೋಡಿಕೊಳ್ಳುತ್ತಿದ್ದೆ. ಗಾಡಿಯನ್ನು ಮಹಾಲಿಂಗಪುರದ ಬಾಷಾ ಮಿಸ್ತ್ರಿಯ ಹತ್ತಿರ ಒಯ್ದೆ. ಕಬ್ಬು ಹೊರುವ ಟ್ರ್ಯಾಕ್ಟರು-ಟ್ರೇಲರುಗಳನ್ನು ರಿಪೇರಿ ಮಾಡಿ ಮಾಡಿ ಅವನ ಕಣ್ಣಿಗೆ ಜಗತ್ತಿನ ಎಲ್ಲ ಗಾಡಿಗಳೂ ಕಬ್ಬಿನ ಗಾಡಿಗಳಾಗಿಯೇ ಕಾಣುತ್ತಿದ್ದವು.

"ಎಷ್ಟ ಎತ್ತರಸೂಣ್ರಿ ಸರ?" ಎಂದು ಕೇಳಿದ.

"ಕೆಸರು ಮುಟ್ಟಬಾರದು ನೋಡಪಾ."

"ಕೆಸರ ಬಿಡ್ರಿ, ಹೊಳಿ ನೀರ ಸೈತ ಮುಟ್ಟಬಾರದು, ಹಂಗ ಮಾಡ್ತೀನ್ರಿ!"

ನಾವಿಬ್ಬರೂ ಒಬ್ಬರನ್ನೊಬ್ಬರು ಕೆಡಿಸಿದೆವು. ನಾನು ಹೋದಾಗಲೆಲ್ಲ ಗಾಡಿಗೆ ಒಂದೊಂದು ಅಂಗ ಹೆಚ್ಚುತ್ತಿತ್ತು. ಮುಂದೆ ಕಬ್ಬಿಣದ ಗಾರ್ಡು, ಅದರ ನಡುವೆ ಹೂತ ಗಾಡಿಯನ್ನು ಎಳೆಯುವ ತಂತಿಹಗ್ಗದ ರಾಟೆ, ನೆತ್ತಿಯ ಮೇಲೆ ಸಾಲು ದೀಪ, ಎಂಜಿನ್ನು ನೀರಿನಲ್ಲಿ ಮುಳುಗಿದರೂ ಉಸಿರಾಡಲೆಂದು ಬಾನೆಟ್ಟಿನ ಪಕ್ಕದಿಂದ ಮೇಲೆದ್ದ ಕೊಳವೆ. ಕಾಕು ಅದನ್ನು ನೋಡಿ, "ಒಲಿ ಎಲ್ಲಿ ಇಟ್ಟಾರೋ ಇದರಾಗ?" ಎಂದು ಕೇಳಿದ್ದಳು. ಗಾಡಿ ಮನೆಗೆ ಬಂದ ದಿನ ಬನಹಟ್ಟಿಯ ಸೀರೆ ಉಟ್ಟು ಆರತಿ ತಂದ ನನ್ನ ಹೆಂಡತಿ ಸುನಂದಾ ಬಾನೆಟ್ಟಿನ ತನಕ ಕೈ ಎಟುಕದೆ ಟೈರಿಗೇ ಆರತಿ ಬೆಳಗಿ ಒಳಗೆ ಹೋದಳು. ಅಷ್ಟು ಹೊತ್ತಿಗೇ ನನಗೆ ತಿಳಿಯಬೇಕಾಗಿತ್ತು.

ತಿಳಿಯಲಿಲ್ಲ, ಏಕೆಂದರೆ ಆಗ ನನ್ನ ಚಿಂತೆಯೆಲ್ಲ ಬೇರೆ ಕಡೆ ಇತ್ತು. ಹೊಸ ಪಾಟಾ ಎಷ್ಟು ಬಿರುಸಾಗಿದ್ದವೆಂದರೆ ಖಾಲಿ ಗಾಡಿ ಸಣ್ಣ ಕಲ್ಲು ಸಿಕ್ಕರೂ ಆಡಿನ ಮರಿಯ ಹಾಗೆ ಜಿಗಿಯುತ್ತಿತ್ತು. ಒಮ್ಮೆ ಮುಧೋಳದಿಂದ ಬರುವಾಗ ನಮ್ಮ ಪ್ರಾಂಶುಪಾಲರನ್ನು ಕೂಡಿಸಿಕೊಂಡೆ. ದಾರಿಯುದ್ದಕ್ಕೂ ಅವರು ಮಾತಾಡಲು ಬಾಯಿ ತೆರೆದಾಗಲೆಲ್ಲ ತಲೆ ಗಾಡಿಯ ಮೇಲಿನ ಟಪ್ಪಕ್ಕೆ ಬಡಿದು ಬಾಯಿ ಮುಚ್ಚುತ್ತಿತ್ತು. ಇಳಿದ ಮೇಲೆ ಬಹಳ ವಿನಯದಿಂದ, "ನಾಳಿಂದ ನಾ ಬಸ್ಸಿಗೇ ಬರತೀನ್ರಿ" ಎಂದರು. ಬಾಷಾನಿಗೆ ಹೇಳಿದರೆ ಅವನು ನಕ್ಕ. "ಖಾಲಿ ಗಾಡಿ ಕುಣೀತೈತ್ರಿ ಸರ. ವಜ್ಜಾ ಹಾಕ್ರಿ, ಹಾಸಿಗಿ ಆಕ್ಕೈತಿ." ಅಂದಿನಿಂದ ಹಿಂದೆ ಉಸುಕಿನ ಚೀಲ ಹೇರಿಕೊಂಡೇ ಕಾಲೇಜಿಗೆ ಹೋಗತೊಡಗಿದೆ. ಮನೆ ಕಟ್ಟಿಸುತ್ತೀರೇನು ಎಂದು ಕೇಳಿದವರಿಗೆಲ್ಲ ಹೌದು ಎಂದು ಹೇಳುವುದೇ ಸುಲಭವಾಗಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಬಂತು. ಉಸುಕು ಇಳಿಸಿ, ಗಾಡಿ ತೊಳೆದು, ಚೆಂಡುಹೂವಿನ ಮಾಲೆ ಹಾಕಿ ಬಾಗಿಲ ಮುಂದೆ ತಂದು ನಿಲ್ಲಿಸಿದೆ. ಕಾಕು ಇಳಕಲ್ ಸೀರೆಯ ಕಚ್ಚೆ ಹಾಕಿಕೊಂಡು, ಚರಗದ ಬುಟ್ಟಿ ಹಿಡಿದು ಗಾಡಿಯ ಹತ್ತಿರ ಬಂದು ನಿಂತಳು. ಕಾಲಿಟ್ಟು ಏರುವ ಪಾವಟಿಗೆ ಅವಳ ಸೊಂಟದ ಎತ್ತರಕ್ಕಿತ್ತು. ಅವಳು ಪಾವಟಿಗೆಯನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ನಾನು ಕೆಸರನ್ನು ಅಳೆದಿದ್ದೆ, ಕಾಕುವನ್ನು ಅಳೆದಿರಲಿಲ್ಲ.

ಪ್ಲಾಸ್ಟಿಕ್ ಕುರ್ಚಿ ತಂದೆವು. ಅದು ಅವಳ ಒಂದು ಕಾಲಿಗೇ ನಡುಗಿತು. ನಾನು ಎತ್ತಲು ಹೋದೆ. "ಕೈ ತಗಿ! ನಾ ಏನು ಬೆಲ್ಲದ ಪೆಂಟಿ ಅಂತ ತಿಳದೀ?" ಎಂದು ಗದರಿದಳು. ಓಣಿಯ ಜನ ಸೇರಿ ತಲೆಗೊಂದು ಸಲಹೆ ಕೊಡತೊಡಗಿದರು. ಸುನಂದಾ ಮುಖದ ಮೇಲೆ ನಗುವಿನ ಸುಳಿವೂ ಇಲ್ಲದೆ, "ಅಲ್ರೀ, ಮುಂದ ಎಳಿಯೂ ಹಗ್ಗ ಅದಲ್ಲ, ಅದಕ್ಕ ಕಟ್ಟಿ ಎಳದು ನೋಡ್ರಿ" ಎಂದಳು. ಹೊತ್ತು ಏರುತ್ತಿತ್ತು. ಕೊನೆಗೆ ಕಾಕು ನಮ್ಮನ್ನೆಲ್ಲ ಸರಿಸಿ, ಮೆಟ್ಟಿಲು ಹತ್ತಿ ಹೋಗಿ ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕುಳಿತುಬಿಟ್ಟಳು. "ನೀವ ಹೋಗಿ ಬರ್ರಿ. ಈ ವರ್ಷಾನೂ ನನ್ನ ನಸೀಬದಾಗ ಇಲ್ಲ." ಬುಟ್ಟಿಯನ್ನು ಮಾತ್ರ ಮಡಿಲಿನಿಂದ ಕೆಳಗಿಡಲಿಲ್ಲ. ಇಷ್ಟೆಲ್ಲ ಕಬ್ಬಿಣ ಹೊತ್ತು ನಿಂತ ಆ ಗಾಡಿಯನ್ನು ನೋಡಿ ನನಗೆ ಅಳುವೇ ಬಂದಂತಾಯಿತು. ಯಾರಿಗೂ ಕಾಣದಿರಲೆಂದು ಟೈರಿನ ಗಾಳಿ ನೋಡುವವನ ಹಾಗೆ ಬಗ್ಗಿದೆ.

"ಸುಧ್ಯಾ, ಗಾಡಿ ಹಿಂದ ಮಾಡು" ಎಂದು ಕಾಕುವಿನ ದನಿ ಕೇಳಿಸಿತು. ಎದ್ದು ನೋಡಿದೆ. ನಮ್ಮದು ಹಳೆಯ ಕಾಲದ ಮನೆ, ಬೀದಿಯಿಂದ ಬಹಳ ಎತ್ತರದ ಕಟ್ಟೆ. ಕಾಕು ಕಟ್ಟೆಯ ಅಂಚನ್ನೂ ಗಾಡಿಯ ಹಿಂಭಾಗವನ್ನೂ ಕಣ್ಣಿನಲ್ಲೇ ಅಳೆಯುತ್ತಿದ್ದಳು. ಹಿಂದೆ ಮಾಡಿ ಕಟ್ಟೆಗೆ ತಾಗಿಸಿ, ಬಾಗಿಲಿನಂಥ ಹಿಂದಿನ ಫಾಳಕಾ ಇಳಿಸಿದೆ. ಎರಡೂ ಸರಿಸಮ! ಕಾಕು ಅಡಿಗೆಮನೆಯಿಂದ ಪಡಸಾಲೆಗೆ ಬಂದಷ್ಟೇ ಸಲೀಸಾಗಿ ನಡೆದು ಗಾಡಿಯೊಳಗೆ ಹೋದಳು. ಜಮಖಾನೆ ಹಾಸಿದೆವು. ಅವಳ ಸುತ್ತ ಬುತ್ತಿಯ ಗಂಟುಗಳು, ನೀರಿನ ಕೊಡ, ಸುನಂದಾ, ಹೇಗೂ ಜಾಗ ಇದೆಯಲ್ಲ ಎಂದು ಏರಿದ ಓಣಿಯ ಹೆಂಗಸರು. ಬಾಷಾ ಹೇಳಿದ ವಜ್ಜೆ ಭರ್ತಿಯಾಯಿತು. ಅಂದು ಗಾಡಿ ಖರೆನೇ ಹಾಸಿಗೆಯ ಹಾಗೆ ಹೋಯಿತು.

ತುಬಚಿ ದಾಟಿದ ಮೇಲೆ ಅದೇ ಜಾಗ ಬಂತು. ಪೈಪನ್ನು ಇನ್ನೂ ಯಾರೂ ರಿಪೇರಿ ಮಾಡಿಸಿರಲಿಲ್ಲ. ಮನಸ್ಸಿನಲ್ಲೇ ಆ ಪೈಪಿನ ಧಣಿಗೆ ಕೈಮುಗಿದು, ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಗಿಯರು ಹಾಕಿ, ಉಸಿರು ಬಿಗಿಹಿಡಿದು ನುಗ್ಗಿಸಿದೆ. ಎರೆಮಣ್ಣು ಗಾಲಿಗೆ ಮೆತ್ತಿತು, ಗಾಡಿ ಒಮ್ಮೆ ಗುಟುರು ಹಾಕಿತು, ಆಮೇಲೆ ಆನೆ ನಡೆದ ಹಾಗೆ ಆಚೆ ದಾಟಿತು. ಎಂಥ ಸುಖ! ಕಿಟಕಿಯಿಂದ ತಲೆ ಹಾಕಿ, "ನೋಡಿದಿರೇನು?" ಎಂದು ಕೂಗಿದೆ. ಹಿಂದೆ ಪುಂಡಿ ಪಲ್ಯಕ್ಕೆ ಉಪ್ಪು ಹಾಕಿದ್ದು ಯಾರು ಎಂಬ ಚರ್ಚೆ ನಡೆದಿತ್ತು. ಯಾರೂ ನೋಡಿರಲಿಲ್ಲ.

ಹೊಲ ಬಂತು, ಆದರೆ ಹೊಲದಲ್ಲಿ ಕಟ್ಟೆ ಎಲ್ಲಿಂದ ಬರಬೇಕು? ಏರಿದ ಕಾಕು ಇಳಿಯುವುದು ಹೇಗೆಂದು ನಾನೂ ಮಲ್ಲಪ್ಪನೂ ತಲೆ ಕೆರೆದುಕೊಳ್ಳುತ್ತಿದ್ದಾಗ ಅವಳೇ ಎದ್ದು ನಿಂತು ಮುಂದಿನ ಕಂಬಿ ಹಿಡಿದಳು. "ಇಳಿಯೂದ್ಯಾಕ? ಹಿಂಗ ಹೊಲದ ಸುತ್ತ ಹೊಡಿ."

ಮಲ್ಲಪ್ಪ ಗಾಬರಿಯಾಗಿ ಅಡ್ಡ ಬಂದ. "ಅವ್ವಾರ, ಜ್ವಾಳದಾಗ ಗಾಲಿ ಇಟ್ರ ನಾ ಸುಮ್ನಿರಾಂವಲ್ರಿ ಮತ್ತ!"

"ಒಡ್ಡಿನ ಗುಂಟ ಹೊಡಿತಾನಪಾ. ನೀ ನೀರಿನ ಕೊಡಾ ಹಿಡಕೊಂಡ ಹಿಂದ ಬಾ."

ಒಡ್ಡಿನ ಗುಂಟ ಸಾಗುವ ಚಕ್ಕಡಿಯ ದಾರಿಯಲ್ಲಿ ತೆವಳಿದಂತೆ ಗಾಡಿ ಬಿಟ್ಟೆ. ಕಾಕು ಮೇಲಿನಿಂದ "ಹುಲ್ಲುಲ್ಲಿಗೋ!" ಎಂದು ಚರಗದ ಕೂಗು ಹಾಕಿ ಎರಚುತ್ತಿದ್ದಳು, ಹಿಂದಿನಿಂದ ಮಲ್ಲಪ್ಪ ನೀರು ಚಿಮುಕಿಸುತ್ತ "ಚಲಾಂಬರಿಗೋ!" ಎನ್ನುತ್ತ ಓಡಿ ಬರುತ್ತಿದ್ದ. ಅಷ್ಟು ಎತ್ತರದಿಂದ ಬೀಸಿದ ತುತ್ತುಗಳು ಹಿಂದೆಂದೂ ಮುಟ್ಟದಷ್ಟು ಒಳಕ್ಕೆ, ಜೋಳದ ನಡುವೆ ಹೋಗಿ ಬೀಳುತ್ತಿದ್ದವು. ಕನ್ನಡಿಯಲ್ಲಿ ನೋಡಿದರೆ ಕಾಕುವಿನ ಸೆರಗು ಗಾಳಿಗೆ ಹಾರುತ್ತಿತ್ತು, ಮುಖ ಹುಡುಗಿಯ ಮುಖವಾಗಿತ್ತು. ಒಂದು ಕಡುಬಿನ ತುಣುಕು ಒಡ್ಡು ದಾಟಿ ಅದೇ ಜಗಳಗಂಟನ ಹೊಲಕ್ಕೆ ಬಿತ್ತು. ಕಾಕು ಕೈ ತಡೆದಳು. ಆಮೇಲೆ ಬೇಕೆಂದೇ ಇನ್ನೊಂದು ಮುಟಿಗೆ ಅತ್ತ ಬೀಸಿದಳು. "ಹೋಗಲಿ ಬಿಡು. ಹೋದ ವರ್ಷ ರುಚಿ ಹಚ್ಚಿದಾಕಿ ನಾನ ಅಲಾ!" ನನಗೆ ನಗುವೂ ಕಣ್ಣೀರೂ ಒಟ್ಟಿಗೆ ಬಂದವು. ಇಂಥ ಸಂತೋಷ ನನ್ನ ಬದುಕಿನಲ್ಲಿ ಬಹಳ ಸಲ ಆಗಿಲ್ಲ.

ಅಲ್ಲಿಗೆ ಮುಗಿಸಿ ತೆಪ್ಪಗೆ ಊಟಕ್ಕೆ ಕೂತಿದ್ದರೆ ಆಗುತ್ತಿತ್ತು. ಆದರೆ ಹೆಂಗಸರೆಲ್ಲ ನೋಡುತ್ತಿದ್ದರು, ನನ್ನ ಜೇಬಿನಲ್ಲಿ ಕಪ್ಪು ಕನ್ನಡಕವೂ ಇತ್ತು. ಅದನ್ನು ಹಾಕಿಕೊಂಡು, ಬಾಗಿಲು ತೆರೆದು, ಚಿತ್ರದ ಮನುಷ್ಯನ ಹಾಗೆ ಮೇಲಿನಿಂದ ಠೀವಿಯಲ್ಲಿ ಧುಮುಕಿದೆ. ಪಾದ ಎರೆಯ ಬಿರುಕೊಂದಕ್ಕೆ ಸಿಕ್ಕು ಹೊರಳಿತು. ಕನ್ನಡಕ ಮಲ್ಲಪ್ಪನ ಕೊಡದಲ್ಲಿ ಬಿತ್ತು. ಮರಳುವಾಗ ಸ್ಟಿಯರಿಂಗ್ ಹಿಡಿದವಳು ಸುನಂದಾ. ರಾಡಿಯನ್ನು ಹಾಡು ಗುನುಗುತ್ತ ದಾಟಿಸಿದಳು. ನನ್ನನ್ನು ಮಲ್ಲಪ್ಪ ಬೆಲ್ಲದ ಪೆಂಟೆಯ ಹಾಗೆಯೇ ಎತ್ತಿ ಹಿಂದೆ ಹಾಕಿದ್ದ. ಖಾಲಿ ಬುಟ್ಟಿಗಳ ನಡುವೆ ಮಲಗಿದ ನನ್ನ ತಲೆ ಸವರುತ್ತ ಕಾಕು ಹೇಳಿದಳು: "ಭಾಳ ಛಲೋ ಗಾಡಿ ಮಾಡಿಸಿದಿ ನೋಡು. ಮಲಕೊಂಡ ಹೋಗಲಿಕ್ಕೂ ಬರತದ."

ಆಮೇಲೆ ಗಾಡಿಗೆ ನಾನು ಹಾಕಿಸಿದ ವಸ್ತು ಒಂದೇ. ಚಾಲಕನ ಬಾಗಿಲ ಕೆಳಗೆ ಸರಪಳಿಯಿಂದ ಕಟ್ಟಿದ ಒಂದು ಗಟ್ಟಿ ಮರದ ಸ್ಟೂಲು. ಎಡಪಾದ ಇನ್ನೂ ಪೂರ್ತಿ ನೆಟ್ಟಗಾಗಿಲ್ಲ. ದಪ್ಪ ಟೈರು, ಸಾಲು ದೀಪ ನೋಡಿ ಬೆರಗಾದ ಹುಡುಗರು ಕೊನೆಗೆ ಆ ಸ್ಟೂಲಿನತ್ತ ಬೆರಳು ತೋರಿಸಿ ಇದು ಯಾರಿಗೆ ಸರ್ ಎಂದು ಕೇಳುತ್ತಾರೆ. ಮನೆಯಲ್ಲಿ ವಯಸ್ಸಾದವರು ಇದ್ದಾರಪಾ ಎಂದು ನಾನು ಗಂಭೀರವಾಗಿ ಹೇಳುತ್ತೇನೆ. ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತ ಕುಳಿತ ಕಾಕು ತಲೆಯೆತ್ತದೆ, ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತಾಳೆ: "ಹೌದಪಾ, ಒಬ್ಬಾಂವ ಇದ್ದಾನ. ನನಗ ಕಟ್ಟಿ ಸಾಕು."