ವೀರಗಲ್ಲಿನ ಪಕ್ಕ ಸೈಕಲ್ ನಿಲ್ಲಿಸಿದ ತಪ್ಪು

ನಮ್ಮ ಕಡೆ ಐವತ್ತು ದಾಟಿದ ಗಂಡಸು ಸೈಕಲ್ ಹತ್ತಿದರೆ ಜನ ಎರಡೇ ಕಾರಣ ಊಹಿಸುತ್ತಾರೆ. ಒಂದು, ಡಾಕ್ಟರು ಹೇಳಿರಬೇಕು. ಇಲ್ಲವೇ ಸ್ಕೂಟರ್ ಮಾರಿರಬೇಕು. ಮನುಷ್ಯನಿಗೆ ಸುಮ್ಮನೆ ಖುಷಿಗೆ ಊರೂರು ಸುತ್ತಬೇಕು ಅನ್ನಿಸಬಹುದು ಎಂಬ ಮೂರನೆಯ ಕಾರಣವನ್ನು ದೊಡ್ಡಬಳ್ಳಾಪುರದಲ್ಲಿ ಇನ್ನೂ ಯಾರೂ ನಂಬಿಲ್ಲ. ನಾನು ನಿವೃತ್ತನಾದ ಮರುತಿಂಗಳೇ ಗೇರಿನ ಸೈಕಲ್ ತಂದು ಬಾಗಿಲಲ್ಲಿ ನಿಲ್ಲಿಸಿದಾಗ, ಎದುರು ಮನೆಯವರು ಓಡುತ್ತಿದ್ದ ಮಗ್ಗ ನಿಲ್ಲಿಸಿ ಬಂದು ಶುಗರ್ ಎಷ್ಟಿದೆ ಎಂದು ವಿಚಾರಿಸಿದರು. ನನಗೆ ಶುಗರ್ ಇಲ್ಲ ಎಂದೆ. ಪಾಪ, ಒಪ್ಪಿಕೊಳ್ಳಲು ಕಷ್ಟವಾಗುತ್ತಿದೆ ಎಂಬಂತೆ ನನ್ನನ್ನು ನೋಡಿ ಒಳಗೆ ಹೋದರು. ನಮ್ಮ ಬೀದಿಯಲ್ಲಿ ಮಗ್ಗ ನಿಲ್ಲುವುದು ಕರೆಂಟು ಹೋದಾಗ ಮತ್ತು ಯಾರಾದರೂ ಹೋದಾಗ ಮಾತ್ರ. ಹಾಗಾಗಿ ಆ ದಿನ ನನಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಸೈಕಲ್ಲಿಗೆ ಇಪ್ಪತ್ತೊಂದು ಗೇರುಗಳಿವೆ. ನಾನು ಬಳಸುವುದು ಎರಡನ್ನು. ಏರು ಬಂದರೆ ಇಳಿದು ತಳ್ಳುತ್ತೇನೆ. ಉಳಿದ ಹತ್ತೊಂಬತ್ತು ಗೇರುಗಳನ್ನು ಅಂಗಡಿಗೆ ವಾಪಸು ಕೊಟ್ಟು ಒಂದು ಕುಕ್ಕರಾದರೂ ತರಬಹುದಿತ್ತು ಎಂದು ನನ್ನ ಹೆಂಡತಿ ವಿಮಲಾ ಹೇಳಿದಳು. ಸೈಕಲ್ಲಿನ ಜೊತೆಗೆ ಒಂದು ಹೆಲ್ಮೆಟ್ಟು, ಕಣ್ಣು ಕುಕ್ಕುವ ಹಸಿರು ಬಣ್ಣದ ಜಾಕೆಟ್ಟು, ಜೇಬಿಗೆ ಒಂದು ಪುಟ್ಟ ನೋಟ್‌ಬುಕ್ಕು. ಈ ಜಾಕೆಟ್ಟಿನ ಮೇಲೆ ಸ್ವಲ್ಪ ಗಮನವಿರಲಿ. ಮುಂದೆ ಆದದ್ದಕ್ಕೆಲ್ಲ ಅರ್ಧ ಕಾರಣ ಅದೇ.

ಪುರಾತನ ಕಲ್ಲುಗಳ ಮೇಲೆ ನನಗೆ ಪ್ರೀತಿ ಹುಟ್ಟಿದ ಬಗೆಯನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಸೀಮೆ ಬಸ್ಸಿನಲ್ಲಿ ಕೂತಾಗ ಸಪಾಟಾಗಿ ಕಾಣುತ್ತದೆ. ಸೈಕಲ್ ಹತ್ತಿದ ಮೇಲೆಯೇ ಅದರ ಉಬ್ಬುತಗ್ಗು ಮಂಡಿಗೆ ಗೊತ್ತಾಗುವುದು. ಸಾಸಲಿನ ಕಡೆಗೆ ಹೊರಟರಂತೂ ಒಂದು ಗುಡ್ಡ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ಏರು ಹತ್ತಿ ರಸ್ತೆ ಬದಿಯಲ್ಲಿ ಏದುಸಿರು ಬಿಡುತ್ತ ನಿಂತ ಮುದುಕನಿಗೆ ಯಾವ ಮರ್ಯಾದೆಯೂ ಇಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಬೈಕಿನಲ್ಲಿ ಹೋಗುವವರೆಲ್ಲ ನಿಲ್ಲಿಸಿ ನೀರು ಬೇಕಾ ಎನ್ನುತ್ತಾರೆ. ಅದೇ ಮುದುಕ ಒಂದು ಹಳೆಯ ಕಲ್ಲಿನ ಮುಂದೆ ನಿಂತು ಏದುಸಿರು ಬಿಟ್ಟರೆ ಸಂಶೋಧಕ. ದೇವರು ದೊಡ್ಡವನು, ನಮ್ಮ ಕಡೆ ಹೆಚ್ಚುಕಡಿಮೆ ಪ್ರತಿಯೊಂದು ಏರಿನ ಕೊನೆಗೂ ಒಂದು ವೀರಗಲ್ಲೋ ಶಾಸನವೋ ಬಿದ್ದುಹೋದ ಕೋಟೆಯ ಗೋಡೆಯೋ ಇದೆ. ಶಾಸನ ಓದಲು ನನಗೆ ಬರುವುದಿಲ್ಲ. ನಮ್ಮ ಪಕ್ಕದ ವಿಜಯಪುರದ ಕಡೆ ಹೋದಾಗ ಒಂದು ಕಲ್ಲನ್ನು ಕಾಲು ಗಂಟೆ ಓದಿದೆ ಎಂದು ನೆಂಟರಿಗೆಲ್ಲ ಹೇಳಿದ್ದೇನೆ. ನಿಜವಾಗಿ ಓದಿದ್ದು ಅದಕ್ಕೆ ಅಂಟಿಸಿದ್ದ ಕೊಳವೆಬಾವಿ ಕೊರೆಯುವವರ ಜಾಹೀರಾತು.

ಆಷಾಢದ ಒಂದು ಭಾನುವಾರ ಬೆಳಿಗ್ಗೆ ಸಾಸಲು ದಾಟಿ, ಒಂದು ಸಣ್ಣ ಹಳ್ಳಿಯ ಅಂಚಿನ ಏರಿನಲ್ಲಿ ಎಂದಿನಂತೆ ನನ್ನ ಉಸಿರು ಮುಗಿಯಿತು. ಎಂದಿನಂತೆ ಕಲ್ಲೂ ಸಿಕ್ಕಿತು. ಹೊಲದ ಬದುವಿನಲ್ಲಿ, ಕತ್ತಿ ಹಿಡಿದ ವೀರನನ್ನು ಕೆತ್ತಿದ ಅಂದವಾದ ವೀರಗಲ್ಲು. ಅರಿಶಿನ ಕುಂಕುಮ ಇಟ್ಟಿದ್ದರು. ಸುತ್ತಲಿನ ಹೊಲಗಳಲ್ಲೆಲ್ಲ ರಾಗಿ ಬಿತ್ತನೆ ಮುಗಿದಿತ್ತು. ಈ ಒಂದು ಹೊಲ ಮಾತ್ರ ಉತ್ತು ಹಾಗೇ ಬಿದ್ದಿತ್ತು. ಅದು ಯಾಕೆ ಎಂದು ಯೋಚಿಸುವ ಬುದ್ಧಿ ನನಗೆ ಬರಲಿಲ್ಲ. ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದೆ. ಕಲ್ಲು ಎಲ್ಲಿದೆ ಎಂದು ಗುರುತಿಗಿರಲಿ ಅಂತ ರಸ್ತೆಯಿಂದ ಕಲ್ಲಿನವರೆಗೆ ಹೆಜ್ಜೆ ಹಾಕಿ ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಮ್ಮ ಜಿಲ್ಲೆಯಲ್ಲಿ ಹಸಿರು ಜಾಕೆಟ್ ಹಾಕಿಕೊಂಡು ಬೇರೆಯವರ ಹೊಲದ ಬದುವಿನಲ್ಲಿ ಹೆಜ್ಜೆ ಎಣಿಸುವುದು ಎಂಥ ಕೆಲಸ ಎಂದು ಇಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆಯಬೇಕಿತ್ತು.

ಬೇವಿನ ಮರದ ಕೆಳಗಿನಿಂದ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಎದ್ದು ಬಂದರು. ನಂಜಮ್ಮ ಎಂದು ಆಮೇಲೆ ತಿಳಿಯಿತು. ನನ್ನನ್ನೂ ಸೈಕಲ್ಲನ್ನೂ ಪುಸ್ತಕವನ್ನೂ ನೋಡಿ, ಮೆಲ್ಲಗೆ ಕೇಳಿದರು.

"ಸ್ವಾಮಿ, ಹೊಸಾ ರೋಡು ಈ ಹೊಲದ ಮ್ಯಾಲೇ ಬತ್ತದಾ?"

ನಾನು ಯಾವ ರೋಡು ಎಂದು ಕೇಳಬೇಕಿತ್ತು. ಆದರೆ ಮೂವತ್ತೊಂದು ವರ್ಷ ಸರ್ಕಾರಿ ಕಚೇರಿಯೊಂದರ ಕೌಂಟರಿನ ಹಿಂದೆ ಕೂತವನು ನಾನು. ದೀನವಾಗಿ ಯಾರು ಏನೇ ಕೇಳಿದರೂ ನನ್ನ ಬಾಯಿ ನನ್ನನ್ನು ಕೇಳದೆ ಒಂದೇ ಮಾತು ಹೇಳುತ್ತದೆ. "ನೋಡೋಣಮ್ಮ" ಎಂದುಬಿಟ್ಟೆ.

ಅಲ್ಲಿಗೆ ನಾನು ಸರ್ವೆಯವನು ಎಂಬುದು ಖಾತ್ರಿಯಾಯಿತು. ಐದು ನಿಮಿಷದಲ್ಲಿ ಬೇವಿನ ಮರದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಬಂತು. ಎಳನೀರು ಬಂತು. ಅದರ ಹಿಂದೆ ಕಾಫಿ ಬಂತು. ದಣಿದಿದ್ದೆ, ಕುಡಿದೆ. ಇಷ್ಟು ಮರ್ಯಾದೆ ಸಂಶೋಧಕನಿಗೆ ಸಲ್ಲಬೇಕಾದದ್ದೇ ಎಂದುಕೊಂಡೆ. ಕುರ್ಚಿ ತಂದವರು ಪಕ್ಕದ ಹೊಲದ ಮುನಿಶಾಮಪ್ಪ. ಅವರು ನನ್ನ ಕಿವಿಯ ಹತ್ತಿರ ಬಗ್ಗಿ, ತಮ್ಮ ಹೊಲ ಬರೀ ಕಲ್ಲು, ಹುರುಳಿ ಕೂಡ ಸರಿಯಾಗಿ ಬರುವುದಿಲ್ಲ, ಪರಿಹಾರದ ದುಡ್ಡಾದರೂ ಸಿಗಲಿ, ರಸ್ತೆಯ ಗೆರೆಯನ್ನು ದಯಮಾಡಿ ತಮ್ಮ ಕಡೆಗೇ ಎಳೆಯಬೇಕು ಎಂದು ಕೇಳಿಕೊಂಡರು. ನಂಜಮ್ಮ ಗೆರೆಯನ್ನು ಆ ಕಡೆ ತಳ್ಳಿ ಎನ್ನುತ್ತಾರೆ, ಮುನಿಶಾಮಪ್ಪ ಈ ಕಡೆ ಎಳೆಯಿರಿ ಎನ್ನುತ್ತಾರೆ. ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಇಷ್ಟು ದೊಡ್ಡ ಮನುಷ್ಯ ಅಂದುಕೊಂಡಿರಲಿಲ್ಲ. ವಿಷಯ ಪೂರ್ತಿ ಅರ್ಥವಾದ ಮೇಲೂ ಅರ್ಧ ಲೋಟ ಕಾಫಿ ಮುಗಿಯುವವರೆಗೆ ಸುಮ್ಮನಿದ್ದೆ ಎಂದು ನಾಚಿಕೆಯಿಂದಲೇ ಹೇಳುತ್ತೇನೆ.

ಆಗ ನಂಜಮ್ಮ ಹೇಳಿದ್ದನ್ನು ಕೇಳಿ ಲೋಟ ಕೆಳಗಿಟ್ಟೆ. ಗಂಡ ತೀರಿಕೊಂಡ ಮೇಲೆ ಆ ಹೊಲವನ್ನು ಅವರೇ ಮಾಡಿಸುತ್ತಿದ್ದಾರೆ. ರಸ್ತೆ ಬರುತ್ತದಂತೆ, ಬಿತ್ತಿದ ಮೇಲೆ ಗೂಟ ಹೊಡೆದು ಬೆಳೆ ಕೀಳಿಸುತ್ತಾರಂತೆ ಎಂದು ಯಾರೋ ಹೇಳಿದ್ದಾರೆ. ಬೀಜ ಮನೆಯಲ್ಲಿದೆ, ನೆಲ ಹದವಾಗಿದೆ, ಊರಿನವರೆಲ್ಲ ಬಿತ್ತಿ ಮುಗಿಸಿದ್ದಾರೆ. ಇವರು ಮಾತ್ರ ಸರ್ಕಾರದ ಕಡೆಯವರು ಯಾರಾದರೂ ಬಂದು ಹೇಳಲಿ ಎಂದು ಹತ್ತು ದಿನದಿಂದ ಮರದ ಕೆಳಗೆ ಕೂತಿದ್ದಾರೆ. ಇನ್ನು ನಾಲ್ಕು ದಿನ ಕಳೆದರೆ ಈ ವರ್ಷದ ರಾಗಿ ಇಲ್ಲ.

"ಬಿತ್ಲೋ ಬ್ಯಾಡ್ವೋ, ಅದೊಂದ್ ಹೇಳ್ಬುಡಿ ಸ್ವಾಮಿ."

ಕುರ್ಚಿಯಿಂದ ಎದ್ದು ನಿಂತೆ. ನಾನು ಸರ್ವೆಯವನಲ್ಲ, ರಿಟೈರಾದ ಗುಮಾಸ್ತ, ಕಲ್ಲು ನೋಡಲು ಬಂದವನು ಎಂದೆ. ಇಬ್ಬರೂ ನಂಬಲಿಲ್ಲ. ಜೀಪಿನಲ್ಲಿ ಬಂದರೆ ಜನ ಮುತ್ತಿಕೊಳ್ಳುತ್ತಾರೆ ಅಂತ ಈಗ ಸೈಕಲ್ಲಿನಲ್ಲಿ ಕಳಿಸುತ್ತಿದ್ದಾರೆ ಎಂದು ಮುನಿಶಾಮಪ್ಪ ತಲೆದೂಗಿದರು. ಅಲ್ಲ ಎಂದಷ್ಟೂ ದೊಡ್ಡ ಅಧಿಕಾರಿಯಾಗುತ್ತ ಹೋದೆ. ಬೇರೆ ದಾರಿ ಕಾಣದೆ ವಿಮಲಾಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ನಾನು ಯಾರು ಅಂತ ಇವರಿಗೆ ಸ್ವಲ್ಪ ಹೇಳು ಮಾರಾಯ್ತಿ ಎಂದೆ. ಅವಳಿಗೆ ಇಂಥ ಅವಕಾಶ ಮೂವತ್ತು ವರ್ಷದಿಂದ ಸಿಕ್ಕಿರಲಿಲ್ಲ.

"ನಮ್ಮ ಯಜಮಾನ್ರಾ? ಕ್ಯಾಲೆಂಡರ್ ನೇತುಹಾಕೋಕೆ ಗೋಡೆಗೆ ಒಂದು ಮೊಳೆ ನೆಟ್ಟಗೆ ಹೊಡೆಯಕ್ಕೆ ಬರಲ್ಲಮ್ಮ ಅವರಿಗೆ. ಅವರೆಲ್ಲಿ ರೋಡಿಗೆ ಗೂಟ ಹೊಡೀತಾರೆ? ಏರು ಹತ್ತಕ್ಕಾಗ್ದೆ ಕಲ್ಲು ನೋಡ್ತಾ ನಿಂತಿರ್ತಾರೆ, ಬಿಸಿಲೇರೋಕ್ ಮುಂಚೆ ಕಳಿಸ್ಕೊಡಿ."

ಹೆಂಡತಿ ಇಷ್ಟು ಬೈದ ಮೇಲೆ ಇವನು ಅಧಿಕಾರಿಯಿರಲಾರ ಎಂದು ಇಬ್ಬರಿಗೂ ಮನವರಿಕೆಯಾಯಿತು. ಮುನಿಶಾಮಪ್ಪ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಮನೆಗೆ ಹೋದರು. ನಂಜಮ್ಮ ಮಾತ್ರ ಬಾಯಿಗೆ ಸೆರಗು ಮುಚ್ಚಿಕೊಂಡು ಚೆನ್ನಾಗಿ ನಕ್ಕರು.

"ಹಂಗಾರೆ ನೀವು ಏನೂ ಅಲ್ವಾ?"

ಏನೂ ಅಲ್ಲಮ್ಮ ಎಂದೆ.

"ಅದನ್ನ ಮೊದ್ಲೇ ಹೇಳಾದಲ್ವಾ. ಮನೆ ಇಲ್ಲೇ ಅದೆ, ಒಳಕ್ ಬನ್ನಿ, ಉಂಡ್ಕಂಡ್ ಹೋಗೀರಂತೆ."

ಅಧಿಕಾರಿಯಾಗಿದ್ದಾಗ ಮರದ ಕೆಳಗೆ ಕೂತವನು ಏನೂ ಅಲ್ಲದವನಾದ ಮೇಲೆ ಅಡುಗೆಮನೆಯ ಬಾಗಿಲವರೆಗೆ ಹೋದೆ. ಚಾಪೆ ಹಾಕಿ, ಬಿಸಿ ಮುದ್ದೆ ಇಟ್ಟು, ಹುರುಳಿಕಾಳಿನ ಸಾರು ಬಿಟ್ಟರು. ಮೂಲೆಯಲ್ಲಿ ಬಿತ್ತನೆಯ ರಾಗಿಯ ಚೀಲ ಬಾಯಿ ಕಟ್ಟಿಸಿಕೊಂಡು ನಿಂತಿತ್ತು. ಅದನ್ನು ನೋಡುತ್ತಲೇ ಉಂಡೆ. ಇಂಥ ಎಷ್ಟು ಜನ ನನ್ನ ಕೌಂಟರಿನ ಮುಂದೆ ಒಂದು ಹೌದಿಗೋ ಒಂದು ಇಲ್ಲಕ್ಕೋ ಕಾದು ನಿಂತಿದ್ದರು, ನಾನು ಎರಡನ್ನೂ ಹೇಳದೆ ಎಷ್ಟು ಜನರನ್ನು ಊರಿಗೆ ಕಳಿಸಿದ್ದೆ ಎಂದು ಅಂದು ಮೊದಲ ಸಲ ಲೆಕ್ಕಕ್ಕೆ ಬಂತು. ಎರಡನೆಯ ಸಲ ಸಾರು ಬಿಡುತ್ತ ನಂಜಮ್ಮ, ನೀವೇನೂ ಅಲ್ಲ ಸರಿ, ಕಚೇರಿಯಲ್ಲಿ ಇದ್ದವರಲ್ಲವಾ, ನಿಮಗೇನು ಅನ್ನಿಸುತ್ತದೆ, ಬಿತ್ತಲಾ ಎಂದು ಕೇಳಿದರು.

"ಬಿತ್ತಿಬಿಡಿ ಅಮ್ಮ" ಎಂದೆ.

ಮೂವತ್ತೊಂದು ವರ್ಷದಲ್ಲಿ ಯಾವ ಅರ್ಜಿಗೂ ನಾನು ಅಂಥ ನೇರ ಉತ್ತರ ಕೊಟ್ಟವನಲ್ಲ. ಅದೂ ಯಾವ ಅಧಿಕಾರವೂ ಇಲ್ಲದಾಗ, ಯಾವ ಕಡತವನ್ನೂ ನೋಡದೆ. ವಾಪಸು ಬರುವಾಗ ಇಳಿಜಾರಿನಲ್ಲೂ ಸೈಕಲ್ ಇಳಿದು ತಳ್ಳಿದೆ. ನಾಳೆ ನಿಜವಾಗಿಯೂ ಗೂಟ ಹೊಡೆದರೆ ಆ ಹೆಂಗಸಿಗೆ ಯಾವ ಮುಖ ತೋರಿಸಲಿ? ಸೋಮವಾರ ಬೆಳಿಗ್ಗೆಯೇ ಸಂಬಂಧಪಟ್ಟ ಕಚೇರಿಗೆ ಹೋಗಿ ಸರದಿಯಲ್ಲಿ ನಿಂತೆ. ನಾಲ್ಕು ಸಲ ಅಲೆದೆ. ಅಲೆಸುವುದು ಇಷ್ಟು ಸುಲಭ, ಅಲೆಯುವುದು ಇಷ್ಟು ಕಷ್ಟ ಎಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ನಕ್ಷೆಯಲ್ಲಿ ಹೊಲ ಹುಡುಕಿಸಿದಾಗ, ಆ ಸರ್ವೆ ನಂಬರಿನ ಮೇಲೆ ಯಾವ ರಸ್ತೆಯೂ ಇಲ್ಲ, ಇದ್ದ ಪ್ರಸ್ತಾಪವೂ ಗುಡ್ಡದ ಆಚೆಗೆ ಎಂದು ಬರವಣಿಗೆಯಲ್ಲೇ ಸಿಕ್ಕಿತು. ಆ ಕಾಗದವನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿದೆ.

ಹದಿನೈದು ದಿನಗಳಾಗಿದ್ದವು. ಹೊಲ ನೋಡಿದವನಿಗೆ ಕಣ್ಣು ತುಂಬಿ ಬಂತು. ಸಾಲು ಸಾಲಾಗಿ ಎಳೆಯ ರಾಗಿ ಪೈರು, ನಡುನಡುವೆ ಅವರೆಯ ಸಾಲು. ನನ್ನ ಒಂದು ಮಾತಿಗೆ ಒಂದು ಹೊಲವೇ ಚಿಗುರಿದೆಯಲ್ಲ ಎಂದು ಎದೆಯುಬ್ಬಿಸಿಕೊಂಡು, ಕಾಗದ ಕೊಟ್ಟು, ನಾನು ಹೇಳಿದ ಹಾಗೆ ಬಿತ್ತಿದ್ದು ಒಳ್ಳೆಯದಾಯಿತು ನೋಡಿ ಎಂದೆ. ನಂಜಮ್ಮ ಕಾಗದವನ್ನು ಕಣ್ಣಿಗೊತ್ತಿಕೊಂಡು, ದೇವರ ಗೂಡಿನಲ್ಲಿಟ್ಟು ಬಂದರು.

"ನೀವ್ ಹೇಳುದ್ರಿ ಅಂತಲ್ಲ ಸ್ವಾಮಿ. ಅವತ್ತೇ ರಾತ್ರಿ ಒಳ್ಳೇ ಮಳೆ ಹುಯ್ತು. ಹದ ಬಿಟ್ರೆ ಸಿಕ್ತದಾ? ಬೆಳಗಾಗೆದ್ದು ಬಿತ್ಬುಟ್ಟೆ."

ಅವರು ಕೊಟ್ಟ ಮಜ್ಜಿಗೆ ಕುಡಿದು ಊರಿಗೆ ಬಂದೆ. ವಿಮಲಾಗೆ ಮಾತ್ರ, ನಾನು ಹೇಳಿದ ಮೇಲೆಯೇ ಆಯಮ್ಮ ಬಿತ್ತಿದ್ದು ಎಂದಿದ್ದೇನೆ. ನಾನು ಹೇಳಿದ್ದು ಭಾನುವಾರ, ಅವರು ಬಿತ್ತಿದ್ದು ಸೋಮವಾರ. ಇದರಲ್ಲಿ ಸುಳ್ಳೇನಿದೆ ಎಂದು ಯಾರು ಬೇಕಾದರೂ ಪರಿಶೀಲಿಸಬಹುದು.